ಮೇ ಕೊನೆಯಲ್ಲಿ ಡುಲೂತ್‌ಗೆ ಹೊರಟವರಿಗೆ: ಡಿಗ್ರಿ ಬಿಡಿ, ಗಾಳಿ ನೋಡಿ

ಪ್ರಶ್ನೆ: ಮೇಡಂ, ನಮಸ್ಕಾರ. ನಾವಿರುವುದು ಮಿನಿಯಾಪೊಲಿಸ್ ಹತ್ತಿರ. ದಾವಣಗೆರೆಯಿಂದ ಅಪ್ಪ ಅಮ್ಮ ಬಂದಿದ್ದಾರೆ. ಮೆಮೋರಿಯಲ್ ಡೇ (ಮೇ ಕೊನೆಯ ಸೋಮವಾರ) ರಜೆಗೆ ಅವರನ್ನು ಲೇಕ್ ಸುಪೀರಿಯರ್ ಕೆರೆಯ ದಡದ ಡುಲೂತ್‌ಗೆ ಕರೆದುಕೊಂಡು ಹೋಗಿ, ಅಲ್ಲಿಂದ ಸ್ಪ್ಲಿಟ್ ರಾಕ್ ಲೈಟ್‌ಹೌಸ್ ತೋರಿಸಬೇಕು ಅಂತಿದೆ. ಆ್ಯಪ್‌ನಲ್ಲಿ 72 ಫ್ಯಾರನ್‌ಹೀಟ್ ತೋರಿಸುತ್ತಿದೆ, ಅಂದರೆ ನಮ್ಮ ಲೆಕ್ಕದಲ್ಲಿ 22. ಆಫೀಸಿನಲ್ಲಿ ಒಬ್ಬರು "ದಪ್ಪ ಜಾಕೆಟ್ ಮರೀಬೇಡಿ" ಅಂತ ನಕ್ಕರು. ಯಾರನ್ನು ನಂಬಲಿ? ಅಮ್ಮನಿಗೆ ಚಳಿ ಆಗಿಬರುವುದಿಲ್ಲ.

ಉತ್ತರ (ಹವಾಮಾನ ತಜ್ಞೆ): ಇಬ್ಬರನ್ನೂ ನಂಬಿ. ಆ್ಯಪ್ ಹೇಳುವುದು ಸಾಮಾನ್ಯವಾಗಿ ಡುಲೂತ್ ಏರ್‌ಪೋರ್ಟಿನ ಲೆಕ್ಕ, ಅದು ಇರುವುದು ಗುಡ್ಡದ ಮೇಲೆ, ಕೆರೆಯ ಮಟ್ಟಕ್ಕಿಂತ ಸುಮಾರು 250 ಮೀಟರ್ ಎತ್ತರದಲ್ಲಿ. ನೀವು ಹೋಗುವುದು ಕೆಳಗೆ ಕೆನಾಲ್ ಪಾರ್ಕಿಗೆ, ನೀರಿನ ಪಕ್ಕಕ್ಕೆ. ಮೇಲೆ 72 ಇದ್ದಾಗ ಕೆಳಗೆ 48 ಇರುವುದು ಈ ತಿಂಗಳಲ್ಲಿ ದೊಡ್ಡ ಸುದ್ದಿಯೇ ಅಲ್ಲ. 48 ಅಂದರೆ 9 ಸೆಲ್ಸಿಯಸ್, ಅದರ ಮೇಲೆ ಗಾಳಿ ಬೇರೆ.

ಕಾರಣ ಲೇಕ್ ಸುಪೀರಿಯರ್. 82 ಸಾವಿರ ಚದರ ಕಿಲೋಮೀಟರ್ ನೀರು, ಆಳ ಇರುವ ಕಡೆ 406 ಮೀಟರ್. ಇಷ್ಟು ನೀರು ಬಿಸಿಲಿಗೆ ಬೇಗ ಕಾಯುವುದಿಲ್ಲ ಅನ್ನುವುದು ಯಾರಿಗಾದರೂ ಗೊತ್ತಾಗುತ್ತದೆ, ಆದರೆ ನಿಜವಾದ ಕಿತಾಪತಿ ಬೇರೆ ಇದೆ. ಸಿಹಿನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಭಾರ. ಚಳಿಗಾಲ ಮುಗಿದಾಗ ಮೇಲಿನ ನೀರು 1-2 ಡಿಗ್ರಿ ಇರುತ್ತದೆ, ಬಿಸಿಲು ಬಿದ್ದು 4ರ ಹತ್ತಿರ ಬಂದ ಕೂಡಲೇ ಅದು ಭಾರವಾಗಿ ಕೆಳಗೆ ಹೋಗುತ್ತದೆ, ಕೆಳಗಿನ ತಣ್ಣಗಿನ ನೀರು ಮೇಲೆ ಬರುತ್ತದೆ, ಮತ್ತೆ ಅದನ್ನು ಮೊದಲಿಂದ ಕಾಯಿಸಬೇಕು. ಹೀಗೆ ಕೆಳಗಿನವರೆಗೂ ಒಂದು ಹದಕ್ಕೆ ಬರುವ ತನಕ ಮೇಲ್ಗಡೆ ನೀರು ಬೆಚ್ಚಗಾಗುವ ಮಾತೇ ಇಲ್ಲ. ನಡುಕೆರೆಯಲ್ಲಿ ಇದಕ್ಕೆ ಜೂನ್ ಕೊನೆ, ಕೆಲವು ವರ್ಷ ಜುಲೈ ಬೇಕು. ದಡದ ಆಳವಿಲ್ಲದ ಕಡೆ ಸ್ವಲ್ಪ ಬೇಗ.

ಹಾಗಾಗಿ ಮೇ ಕೊನೆಯಲ್ಲಿ ಡುಲೂತ್‌ನ ಹವೆ ಅಂದರೆ ಗಾಳಿಯ ದಿಕ್ಕು, ಅಷ್ಟೇ. ನೈರುತ್ಯದಿಂದ ಜೋರಾಗಿ ಬೀಸಿದರೆ ನೆಲದ ಬಿಸಿ ಗಾಳಿ ಗುಡ್ಡ ಇಳಿದು ಬರುತ್ತದೆ, 80 ಫ್ಯಾರನ್‌ಹೀಟ್ ದಾಟಿದರೂ ದಾಟಬಹುದು. ಈಶಾನ್ಯದಿಂದ ಬಂದರೆ ಕೆರೆಯ ಉದ್ದಕ್ಕೂ ನೀರಿನ ಮೇಲೇ ಓಡಿಬಂದ ಗಾಳಿ, ನೇರ ಮುಖಕ್ಕೆ. ಕೆರೆ ಡುಲೂತ್ ಕಡೆ ಲಾಳಿಕೆ ತರ ಕಿರಿದಾಗುತ್ತದೆ ನೋಡಿ, ಎಲ್ಲ ಅಲ್ಲಿಗೇ ಬಂದು ಸೇರುತ್ತದೆ. ಇನ್ನು ಗಾಳಿಯೇ ಇಲ್ಲದ ಚೆನ್ನಾದ ಬಿಸಿಲಿನ ದಿನ? ಅದನ್ನೂ ನಂಬಬೇಡಿ. ಬೆಳಿಗ್ಗೆ ಟೀ ಶರ್ಟ್, ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಗಾಳಿ ಮೇಲೇರಿ, ಆ ಜಾಗಕ್ಕೆ ಕೆರೆಯ ಗಾಳಿ ನುಗ್ಗುತ್ತದೆ. ಕೆನಾಲ್ ಪಾರ್ಕಿನ ಲಿಫ್ಟ್ ಬ್ರಿಜ್ (ಹಡಗು ಬಂದಾಗ ಮೇಲೇಳುವ ಸೇತುವೆ) ಹತ್ತಿರ ಐಸ್‌ಕ್ರೀಮ್ ಹಿಡಿದು ನಿಂತವರು ಐದೇ ನಿಮಿಷದಲ್ಲಿ ಕಾರಿನ ಕಡೆ ಓಡುತ್ತಾರೆ.

ಅಮ್ಮನಿಗೆ ಸ್ವೆಟರ್ ಸಾಲದು, ಗಾಳಿ ತಡೆಯುವ ಜಾಕೆಟ್ ಬೇಕು, ಕಿವಿ ಮುಚ್ಚುವ ಟೋಪಿ ಅಥವಾ ಸ್ಕಾರ್ಫ್ ಬೇಕು. ಸೀರೆ ಉಡುವುದಾದರೆ ಒಳಗೆ ಥರ್ಮಲ್ ಹಾಕಿಸಿ.

ಪ್ರಶ್ನೆ: ಒಂದು ವೇಳೆ ಈಶಾನ್ಯ ಗಾಳಿಯೇ ಸಿಕ್ಕಿದರೆ? ರೂಮ್ ಬುಕ್ ಆಗಿದೆ, ದುಡ್ಡು ವಾಪಸ್ ಬರಲ್ಲ.

ಉತ್ತರ: ಟ್ರಿಪ್ ಕೆಡಿಸಿಕೊಳ್ಳಬೇಡಿ, ಕೆರೆಗೆ ಬೆನ್ನು ಹಾಕಿ. ಜೇ ಕುಕ್ ಸ್ಟೇಟ್ ಪಾರ್ಕ್ ಒಳನಾಡಿನಲ್ಲಿದೆ, ಡುಲೂತ್‌ನಿಂದ ಅರ್ಧ ಗಂಟೆಯೊಳಗಿನ ದಾರಿ. ಸೇಂಟ್ ಲೂಯಿಸ್ ನದಿ ಮೇಲೆ ತೂಗುಸೇತುವೆ ಇದೆ, ಅಪ್ಪನಿಗೆ ಖಂಡಿತ ಇಷ್ಟವಾಗುತ್ತದೆ. ಅಲ್ಲಿ ಎಷ್ಟೋ ಸಲ ಬಿಸಿಲಿರುತ್ತದೆ, ಕೆನಾಲ್ ಪಾರ್ಕಿನಲ್ಲಿ ಮಂಜು ಮುಸುಕಿರುತ್ತದೆ. ಗೂಸ್‌ಬೆರಿ ಜಲಪಾತವೂ ಪರವಾಗಿಲ್ಲ, ಹಿಮ ಕರಗಿದ ಭರ್ಜರಿ ನೀರು ಅಷ್ಟು ಹೊತ್ತಿಗೆ ಇಳಿದಿರುತ್ತದೆ, ಆದರೂ ನೋಡುವ ಹಾಗಿರುತ್ತದೆ. ಸ್ಪ್ಲಿಟ್ ರಾಕ್ ಮಾತ್ರ ಬಂಡೆಯ ತುದಿಯಲ್ಲಿ ನಿಂತ ದೀಪಸ್ತಂಭ, ಗಾಳಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. 1905ರ ನವೆಂಬರ್ ಬಿರುಗಾಳಿಯಲ್ಲಿ ಹಡಗುಗಳು ಒಡೆದ ಮೇಲೆ ಕಟ್ಟಿದ್ದು ಅದು, 1910ರಲ್ಲಿ ದೀಪ ಹಚ್ಚಿದರು. ಮಂಜಿದ್ದ ದಿನ ಹೋದರೆ ಅದನ್ನು ಯಾಕೆ ಕಟ್ಟಿದರು ಅಂತ ಅರ್ಥವಾಗುತ್ತದೆ, ಫೋಟೋ ಬರುವುದಿಲ್ಲ ಅಷ್ಟೇ.

ಇನ್ನೊಬ್ಬರ ಪ್ರಶ್ನೆ: ಮಕ್ಕಳು ಡುಲೂತ್‌ನ ಪಾರ್ಕ್ ಪಾಯಿಂಟ್ ಬೀಚಿನಲ್ಲಿ ನೀರಿಗಿಳಿಯಬಹುದಾ? ಮರಳು ಚೆನ್ನಾಗಿದೆಯಂತೆ.

ಉತ್ತರ: ಮರಳಲ್ಲಿ ಆಡಲಿ. ನೀರಿಗೆ ಬೇಡ. ಅಷ್ಟು ತಣ್ಣಗಿನ ನೀರಿಗೆ ಬಿದ್ದ ಮೊದಲ ನಿಮಿಷದಲ್ಲಿ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ, ಆಗ ತಲೆ ನೀರಿನೊಳಗಿದ್ದರೆ ಮುಗಿಯಿತು. ಈಜು ಬರುತ್ತದೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಬಾಡಿಗೆ ಕಯಾಕ್ ವಿಚಾರವೂ ಅದೇ, ವೆಟ್‌ಸೂಟ್ ಇಲ್ಲದೆ ಬೇಡ.

ಡುಲೂತ್ ಪಕ್ಕದ ಹರ್ಮನ್‌ಟೌನ್‌ನಿಂದ ಒಬ್ಬರು: ನಾವು ಇಲ್ಲೇ ಇರುವವರು. ಟೊಮೇಟೊ, ಮೆಣಸಿನ ಸಸಿ ಕಿಟಕಿ ಹತ್ತಿರ ರೆಡಿ ಇವೆ. ಹೊರಗೆ ಯಾವಾಗ ನೆಡಲಿ?

ಉತ್ತರ: ನೀವು ಗುಡ್ಡದ ಮೇಲಿದ್ದೀರಿ, ಕೆರೆ ನಿಮ್ಮನ್ನು ಕಾಪಾಡುವುದಿಲ್ಲ. ದಡದವರಿಗೆ ರಾತ್ರಿ ಫ್ರಾಸ್ಟ್ (ಎಲೆ ಮೇಲೆ ಇಬ್ಬನಿ ಹೆಪ್ಪುಗಟ್ಟುವುದು) ಕಮ್ಮಿ, ಆದರೆ ಮಣ್ಣು ತಣ್ಣಗಿದ್ದು ಗಿಡ ಏಳುವುದಿಲ್ಲ. ನಿಮಗೆ ಹಗಲು ಬಿಸಿಲು, ರಾತ್ರಿ ಫ್ರಾಸ್ಟ್. ತಗ್ಗಿನ ಜಾಗಗಳಲ್ಲಿ ಜೂನ್ ಮೊದಲ ವಾರದಲ್ಲೂ ಬೀಳುತ್ತದೆ. ಮೆಮೋರಿಯಲ್ ಡೇ ಕಳೆಯಲಿ, ಟೊಮೇಟೊ ನೆಡಿ. ಮೆಣಸಿನಕಾಯಿ ಇನ್ನೂ ಒಂದು ವಾರ ಒಳಗಿರಲಿ, ಅದಕ್ಕೆ ಮಣ್ಣೇ ಬೆಚ್ಚಗಿರಬೇಕು. ಆಮೇಲೆ ಸಂಜೆ ಡ್ಯೂ ಪಾಯಿಂಟ್ (ಗಾಳಿಯ ತೇವ ಇಬ್ಬನಿಯಾಗುವ ಉಷ್ಣತೆ) ನೋಡುವ ಅಭ್ಯಾಸ ಮಾಡಿಕೊಳ್ಳಿ. ಅದು 32 ಫ್ಯಾರನ್‌ಹೀಟ್, ಅಂದರೆ ಸೊನ್ನೆ ಸೆಲ್ಸಿಯಸ್ ಆಸುಪಾಸಿನಲ್ಲಿದ್ದು, ಆಕಾಶ ತಿಳಿಯಾಗಿದ್ದು, ಗಾಳಿ ನಿಂತಿದ್ದರೆ ಹಳೇ ಬೆಡ್‌ಶೀಟ್ ಹೊದಿಸಿ. ಪ್ಲಾಸ್ಟಿಕ್ ಬೇಡ, ಎಲೆಗೆ ತಾಗಿದ ಕಡೆ ಸುಟ್ಟುಹೋಗುತ್ತದೆ.

ಹರ್ಮನ್‌ಟೌನ್‌ನವರೇ: ಮೂರು ತಿಂಗಳ ಮುನ್ನೋಟದಲ್ಲಿ ಬಿಸಿ ಜಾಸ್ತಿ ಆಗುವ ಸಾಧ್ಯತೆ 40 ಪರ್ಸೆಂಟ್ ಅಂತ ಬಂದರೆ ಬೇಗ ನೆಡಬಹುದು ಅಂತಾನಾ?

ಉತ್ತರ: ಅಲ್ಲ. ಬಿಸಿ ಜಾಸ್ತಿ, ಮಾಮೂಲು, ತಂಪು ಜಾಸ್ತಿ ಅಂತ ಮೂರು ಪಾಲು ಮಾಡುತ್ತಾರೆ, ಏನೂ ಗೊತ್ತಿಲ್ಲದಿದ್ದರೂ ಒಂದೊಂದಕ್ಕೆ 33. ನಲವತ್ತು ಅಂದರೆ ಆ ಕಡೆ ಸ್ವಲ್ಪ ವಾಲಿದೆ ಅಷ್ಟೇ. ಅದೂ ಮೂರು ತಿಂಗಳ ಸರಾಸರಿ, ಒಂದು ರಾತ್ರಿಯ ಫ್ರಾಸ್ಟ್ ಬಗ್ಗೆ ಏನೂ ಹೇಳುವುದಿಲ್ಲ. ಅದಕ್ಕಿಂತ ಹೋದ ಚಳಿಗಾಲ ಕೆರೆ ಎಷ್ಟು ಹೆಪ್ಪುಗಟ್ಟಿತ್ತು ನೋಡಿ. 2014ರಲ್ಲಿ ಮೆಮೋರಿಯಲ್ ಡೇ ಹೊತ್ತಿಗೂ ಇದೇ ಕೆರೆಯ ದಡದಲ್ಲಿರುವ, ಮಿಷಿಗನ್‌ನ ಮಾರ್ಕೆಟ್ (Marquette) ಅನ್ನುವ ಊರಿನ ಬೀಚಿನಲ್ಲಿ ಐಸ್ ತುಂಡು ತೇಲುತ್ತಿದ್ದವು. 2024ರಲ್ಲಿ ಕೆರೆಯಲ್ಲಿ ಐಸೇ ಇಲ್ಲದಷ್ಟು ಕಮ್ಮಿ ಇತ್ತು.

ಮೊದಲು ಕೇಳಿದವರು: ಹಾಗಾದರೆ ಶನಿವಾರ ಡುಲೂತ್, ಭಾನುವಾರ ಸ್ಪ್ಲಿಟ್ ರಾಕ್, ಅಥವಾ ಉಲ್ಟಾ?

ಉತ್ತರ: ಇವತ್ತೇ ಹೇಳಿದರೆ ಸುಮ್ನೆ ಊಹೆ. ಗುರುವಾರ ಸಂಜೆ ನ್ಯಾಷನಲ್ ವೆದರ್ ಸರ್ವಿಸ್ ಪುಟದಲ್ಲಿ ಕೆನಾಲ್ ಪಾರ್ಕಿನ ಜಾಗ ಒತ್ತಿ, ಗಂಟೆಗಂಟೆಯ ಗಾಳಿ ನೋಡಿ. ಪಶ್ಚಿಮ ಅಥವಾ ನೈರುತ್ಯ ಇರುವ ದಿನ ಸ್ಪ್ಲಿಟ್ ರಾಕ್‌ಗೆ ಕೊಡಿ. ಅರ್ಥವಾಗದಿದ್ದರೆ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿ, ನೋಡುತ್ತೇನೆ. ಹಾಂ, ಕಪ್ಪು ನೊಣ ಕಚ್ಚುವ ಕಾಲ ಬೇರೆ, ಕಾಡಿನ ದಾರಿಯಲ್ಲಿ ಅಪ್ಪನಿಗೆ ತುಂಬು ತೋಳಿನ ಶರ್ಟ್ ಹಾಕಿಸಿ.