ದೆಹಲಿ–ಟೋಕಿಯೊ: ಹೋಗುವಾಗ ಏಳೂವರೆ ಗಂಟೆ, ಬರುವಾಗ ಒಂಬತ್ತೂವರೆ ಯಾಕೆ?

ಪ್ರಶ್ನೆ: ನಕ್ಷೆಯಲ್ಲಿ ನೇರ ದೂರ ಸುಮಾರು 5,860 ಕಿ.ಮೀ. ಗಂಟೆಗೆ 900ರ ಲೆಕ್ಕದಲ್ಲಿ ಆರೂವರೆ ಗಂಟೆ ಸಾಕಲ್ಲವೇ? ಟಿಕೆಟ್‌ನಲ್ಲಿ ಹೋಗಿಬರುವ ಅವಧಿಯೇ ಬೇರೆ ಬೇರೆ ಇದೆ.

ಉತ್ತರ 1: ಜೆಟ್ ಸ್ಟ್ರೀಮ್ ಕಾರಣ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಈ ಗಾಳಿ ಚಳಿಗಾಲದಲ್ಲಿ ಜಪಾನ್ ಮೇಲೆ ಗಂಟೆಗೆ 200 ಕಿ.ಮೀ. ಮೀರುವುದು ಸಾಮಾನ್ಯ. ಹೋಗುವಾಗ ತಳ್ಳುತ್ತದೆ, ಬರುವಾಗ ಎದುರಾಗುತ್ತದೆ. ಬೇಸಿಗೆಯಲ್ಲಿ ವ್ಯತ್ಯಾಸ ಕಡಿಮೆ.

ಉತ್ತರ 2: ವಿಮಾನ ನೇರ ಗೆರೆಯಲ್ಲೂ ಹಾರುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ (ಕ್ಯಾಬಿನ್ ಒತ್ತಡ) ಕುಸಿದರೆ, ಉಸಿರಾಡಲು ಆಗುವಂತೆ 10,000 ಅಡಿಗೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ದಕ್ಷಿಣಕ್ಕೆ ಬಳಸಿ ಹೋಗುತ್ತಾರೆ. ಟ್ಯಾಕ್ಸಿಯಿಂಗ್ (ನಿಲ್ದಾಣದಲ್ಲಿ ವಿಮಾನ ನೆಲದ ಮೇಲೆ ಚಲಿಸುವ) ಸಮಯವೂ ಟಿಕೆಟ್ ಅವಧಿಯಲ್ಲೇ ಸೇರಿರುತ್ತದೆ.

ಉತ್ತರ 3: ಟೋಕಿಯೊ 3.5 ಗಂಟೆ ಮುಂದಿದೆ, ಮರೆಯಬೇಡಿ. ರಾತ್ರಿ 8ಕ್ಕೆ ಹೊರಟರೆ ಅಲ್ಲಿ ಬೆಳಿಗ್ಗೆ 7. ಮುಂದಿನ ರೈಲನ್ನು ಅಲ್ಲಿಯ ಸಮಯಕ್ಕೇ ಬುಕ್ ಮಾಡಿ.