ಮಳೆಗಾಲಕ್ಕೆ ಮುಂಚೆ ನೆಬ್ಯುಲೈಸರ್: ನಿಮ್ಮ ಮನೆಯ ಅನುಭವ ಹೇಳಿ

ಭಾಗಮಂಡಲದ ಕಡೆಯವನು: ಅಪ್ಪನಿಗೆ 74. ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ಸಿಒಪಿಡಿ ಕಾಯಿಲೆ ಬಹಳ ಮುಂದುವರಿದಿದೆ, ಬಚ್ಚಲಿಗೆ ಹೋಗಿ ಬಂದರೂ ಮೇಲುಸಿರು. ಮನೆಯಲ್ಲಿ ನೆಬ್ಯುಲೈಸರ್ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ) ಇಟ್ಟುಕೊಳ್ಳಿ ಎಂದಿದ್ದಾರೆ ವೈದ್ಯರು. ನಮ್ಮಲ್ಲಿ ಜೂನ್ ನಂತರ ಕರೆಂಟ್ ಹೋದರೆ ಮೂರು ದಿನ. ಯಾವ ಯಂತ್ರ ಕೊಳ್ಳಲಿ?

ಮೂರ್ನಾಡು: ಕರೆಂಟಿನ ಮಾತೆತ್ತಿ ಹೊಟ್ಟೆ ಉರಿಸಿದಿರಿ. ಕರೆಂಟಿನಲ್ಲಿ ಓಡುವ ಕಂಪ್ರೆಸರ್ ಯಂತ್ರ 1,900ಕ್ಕೆ ತಂದೆ. ಅದರ ಹಿಂದೆಯೇ ಇನ್ವರ್ಟರ್, ಬ್ಯಾಟರಿ, 24,000. ಅದು ಸ್ಕ್ವೇರ್ ವೇವ್ ಇನ್ವರ್ಟರ್, ಕರೆಂಟನ್ನು ಒರಟಾಗಿ ಕೊಡುವಂಥದು. ಯಂತ್ರ ಕಾದು ಗೊರಗೊರ ಎನ್ನುತ್ತಿತ್ತು, ಎರಡನೆಯ ಮಳೆಗಾಲದಲ್ಲಿ ಮೋಟಾರ್ ಸುಟ್ಟಿತು. ನಯವಾದ ಕರೆಂಟ್ ಕೊಡುವ ಸೈನ್ ವೇವ್ ಬೇಕಿತ್ತೆಂದು ಮಾರಿದವನು ಬಾಯಿ ಬಿಡಲಿಲ್ಲ. ಮತ್ತೊಂದು ಯಂತ್ರಕ್ಕೆ 2,200. ಔಷಧಿ ದಿನಕ್ಕೆ ಶ್ವಾಸನಾಳ ಸಡಿಲಿಸುವ ಡ್ಯುಯೋಲಿನ್ ನಾಲ್ಕು, ಊತ ಇಳಿಸುವ ಬುಡೆಕಾರ್ಟ್ ಎರಡು, ಅದರ ಲೆಕ್ಕ ಬೇರೆ. ಅಮ್ಮನ ಕೈ ನಡುಗಲು ಶುರುವಾಯಿತು, ಲೋಟದ ಕಾಫಿ ಅರ್ಧ ಸೀರೆಗೆ. ಪಾರ್ಕಿನ್ಸನ್ ಎಂದು ಹೆದರಿ ಮೈಸೂರಿಗೆ ಎರಡು ಸಲ ಹೋಗಿ ಬಂದೆವು, ಟ್ಯಾಕ್ಸಿಗೇ 9,000. ಔಷಧಿಯಿಂದ ಬರುವ ನಡುಕವಂತೆ!

ಗೋಣಿಕೊಪ್ಪ: ಕಂಪ್ರೆಸರ್ ಕೊಂಡವರಿಗೆ ಈ ಗೋಳು ತಪ್ಪಿದ್ದಲ್ಲ. ನಾನು ತಂದದ್ದು ಬ್ಯಾಟರಿಯ ಮೆಶ್ ಯಂತ್ರ, ಸಣ್ಣ ಜಾಲರಿಯಿಂದ ಔಷಧಿಯನ್ನು ಮಂಜು ಮಾಡುವಂಥದು, 5,400. ಸದ್ದಿಲ್ಲ, ಅಂಗೈಯಲ್ಲಿ ಕೂರುತ್ತದೆ. ಮಾವನವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕಣದ ಕೆಲಸದವರನ್ನು ಗದರುತ್ತಲೇ ಔಷಧಿ ಎಳೆದುಕೊಳ್ಳುತ್ತಿದ್ದರು.

ಮೂರ್ನಾಡು: ಜಾಲರಿ ಕಟ್ಟಿಕೊಳ್ಳಲಿಲ್ಲವೇ? ಅದನ್ನೂ ಬರೆಯಿರಿ.

ಗೋಣಿಕೊಪ್ಪ: ಕಟ್ಟಿಕೊಂಡಿತು, ಎಂಟು ತಿಂಗಳಿಗೆ. ಬುಡೆಕಾರ್ಟ್ ಹಾಕಿದ ಮೇಲೆ ತೊಳೆಯದೆ ಬಿಟ್ಟದ್ದು ನಮ್ಮ ತಪ್ಪು. ಹೊಸ ಜಾಲರಿಗೆ 1,600. ನಿಮ್ಮ ಹಾಗೆ ಇನ್ವರ್ಟರ್ ಕಟ್ಟಿಕೊಂಡು ಅಳುವುದಕ್ಕಿಂತ ವಾಸಿ.

ಸೋಮವಾರಪೇಟೆ: ಯಂತ್ರ ಯಾವುದಾದರೂ ಇರಲಿ, ಅದು ಕೊಡುವ ಹುಸಿ ಧೈರ್ಯದ ಬಗ್ಗೆ ಯಾರೂ ಹೇಳುವುದಿಲ್ಲ. ಒಂದು ರಾತ್ರಿ ನನ್ನ ಗಂಡನಿಗೆ ಗಂಟೆಗೊಮ್ಮೆ, ಐದು ಸಲ ಕೊಟ್ಟೆ. ಪ್ರತಿ ಸಲವೂ ಸ್ವಲ್ಪ ಹೊತ್ತು ಹಗುರ, ಮತ್ತೆ ಅದೇ ಏದುಸಿರು. ಜೊತೆಗೆ ಆಕ್ಸಿಜನ್ ಯಂತ್ರವನ್ನು ನಿಮಿಷಕ್ಕೆ 5 ಲೀಟರಿಗೆ ತಿರುಗಿಸಿದೆ. ರಕ್ತದ ಆಕ್ಸಿಜನ್ ಅಳೆಯುವ ಬೆರಳಿನ ಮೀಟರ್ 97 ತೋರಿಸಿತು, ಗೆದ್ದೆ ಅಂದುಕೊಂಡೆ. ಬೆಳಗಿನ ಜಾವ ನಾಲ್ಕಕ್ಕೆ ಕರೆದರೆ ಓಗೊಡಲಿಲ್ಲ. ಆಕ್ಸಿಜನ್ ಹೆಚ್ಚಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿತ್ತು. ಇವರಂಥವರಿಗೆ ಮೀಟರಿನಲ್ಲಿ 88ರಿಂದ 92 ಇದ್ದರೆ ಸಾಕೆಂದು ಐಸಿಯು ಬಾಗಿಲಲ್ಲಿ ನಿಂತು ಕಲಿತೆ. ಹನ್ನೊಂದು ದಿನ, 1,86,000. ಬಳ್ಳಿಯಲ್ಲಿದ್ದ ಕಾಳುಮೆಣಸನ್ನು ಮುಂಗಡವಾಗಿ ಮಾರಿದೆವು.

ಕುಶಾಲನಗರ: ಒತ್ತಿ ಎಳೆದುಕೊಳ್ಳುವ ಪಫರ್‌ಗೆ ಸ್ಪೇಸರ್ (ಔಷಧಿ ಕ್ಷಣ ನಿಲ್ಲುವ ದಪ್ಪ ಕೊಳವೆ) ಜೋಡಿಸಿ ಸರಿಯಾಗಿ ಎಳೆದರೆ ಬಹಳ ಮಂದಿಗೆ ನೆಬ್ಯುಲೈಸರ್‌ನಷ್ಟೇ ಫಲ ಸಿಗುತ್ತದೆ. ನಾನು ನಾಲ್ಕು ವರ್ಷದಿಂದ ಅದರಲ್ಲೇ ಇದ್ದೇನೆ. ಕರೆಂಟೂ ಬೇಡ, ಕಂತೂ ಬೇಡ. ಮೆಣಸನ್ನು ಮುಂಗಡ ಮಾರಿದ್ದಂತೂ ದಂಡ, ಕೊಯ್ಲಿನವರೆಗೆ ತಡೆದಿದ್ದರೆ ಒಳ್ಳೆಯ ಬೆಲೆ ಬರುತ್ತಿತ್ತು.

ಸೋಮವಾರಪೇಟೆ: ಆಸ್ಪತ್ರೆಯ ಬಿಲ್ಲು ಕೊಯ್ಲಿನವರೆಗೆ ತಡೆಯುತ್ತದೆಯೇ? ಒಂದು ಮಾತು ಮುಗಿಸಲು ಮೂರು ಸಲ ಉಸಿರು ತೆಗೆದುಕೊಳ್ಳುವವರ ಕೈಗೆ ಪಫರ್ ಕೊಟ್ಟು ನೋಡಿದ್ದೀರಾ?

ಕುಶಾಲನಗರ: ಸ್ಪೇಸರ್‌ಗೆ ಮಾಸ್ಕ್ ಸಿಗುತ್ತದೆ. ಕೇಳುವ ವ್ಯವಧಾನವಿದ್ದವರಿಗೆ ಹೇಳಬಹುದು.

ನಾಪೋಕ್ಲು: ನಮ್ಮಮ್ಮ ಬೀಡಿ ಮುಟ್ಟಿದವಳಲ್ಲ, ಐವತ್ತು ವರ್ಷ ಒಲೆ ಊದಿದವಳು. ನೆಬ್ಯುಲೈಸರ್‌ನ ಔಷಧಿ ಹಾಕುವ ಕಪ್ಪನ್ನು ಪ್ರತಿ ಸಲ ತೊಳೆದು ಪೂರ್ತಿ ಒಣಗಿಸಬೇಕು ಎನ್ನುತ್ತಾರೆ. ಜುಲೈಯಲ್ಲಿ ನಾಪೋಕ್ಲಿನಲ್ಲಿ ಏನು ಒಣಗುತ್ತದೆ? ಒಲೆಯ ಮೇಲಿನ ಅಟ್ಟದಲ್ಲಿ ಕಪ್ಪು, ಮಾಸ್ಕ್ ಎರಡನ್ನೂ ಇಟ್ಟೆ. ಮಾರನೆಯ ದಿನ ಮಾಸ್ಕ್ ಮೂಗಿಗೆ ಹಿಡಿದೊಡನೆ ಅಮ್ಮ ಕೆಮ್ಮಿ ಕಿತ್ತೆಸೆದಳು. ನೋಡಿದರೆ ಅಂಚಿನಲ್ಲಿ ಕಾಡಿಗೆಯಂತೆ ಮಸಿ. ಔಷಧಿಯ ಜೊತೆ ಹೊಗೆಯನ್ನೂ ನಾನೇ ಕುಡಿಸಿದ್ದೆ. ಅಂದೇ ಒಲೆ ಆರಿಸಿದೆ. ಯಂತ್ರಕ್ಕೆ ಮುಂಚೆ ಮನೆಯೊಳಗಿನ ಒಲೆ ತೆಗೆಯಿರಿ.

ಮೂರ್ನಾಡು: ಒಲೆ ಆರಿಸಿದರೆ ಕಕ್ಕಡದಲ್ಲಿ, ಜಡಿಮಳೆಯ ತಿಂಗಳಲ್ಲಿ, ಬಟ್ಟೆ ಒಣಗುವುದು ಎಲ್ಲಿ? ಸ್ನಾನಕ್ಕೆ ನೀರು?

ಕುಶಾಲನಗರ: ಗ್ಯಾಸ್ ಗೀಸರ್ ಹಾಕಿಸಿ. 2026ರಲ್ಲೂ ಸೌದೆಯೇ?

ನಾಪೋಕ್ಲು: ಕುಶಾಲನಗರದ ಬಿಸಿಲಲ್ಲಿ ಕುಳಿತವರಿಗೆ ಕಕ್ಕಡದ ಮಳೆಯ ಗೊಡವೆ ಬೇಡ. ಮೂರ್ನಾಡಿನವರೇ, ಮೂರು ತಿಂಗಳು ಒದ್ದೆ ಬಟ್ಟೆಯನ್ನೇ ಉಟ್ಟೆವು. ಅಮ್ಮ ಈಗ ಅಡುಗೆಮನೆಗೆ ಬಂದು ಕೂರುತ್ತಾಳೆ.