ಬ್ಯಾಟರಿ ಊದಿದ ಲ್ಯಾಪ್‌ಟಾಪ್: ರಿಪೇರಿಯಾ, ಹೊಸದಾ? ಅನುಭವ ಇದ್ದವರು ಹೇಳಿ

ಶಿರಸಿ ಕೋಡರ್:
ಎಲ್ಲರಿಗೂ ನಮಸ್ಕಾರ. ನನ್ನದು 2017ರ ಲ್ಯಾಪ್‌ಟಾಪ್. 7ನೇ ಜನರೇಶನ್ ಐ5, 8 ಜಿಬಿ ರ‍್ಯಾಮ್, ಹಳೆ ಹಾರ್ಡ್ ಡಿಸ್ಕ್. ಬ್ಯಾಟರಿ ಊದಿ ಟಚ್‌ಪ್ಯಾಡ್ ಮೇಲೆದ್ದಿದೆ, ಎಡಗಡೆ ಕ್ಲಿಕ್ ಆಗುತ್ತಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಂತಿದೆ. 11 ಹಾಕೋಣ ಅಂದ್ರೆ ಈ ಪ್ರೊಸೆಸರ್‌ಗೆ ಆಗಲ್ಲ ಅನ್ನುತ್ತದೆ. ಡಾಕರ್ (ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಸಾಫ್ಟ್‌ವೇರ್) ಶುರು ಮಾಡಿದರೆ ಫ್ಯಾನ್ ಸದ್ದು ಪಕ್ಕದ ರೂಮಿಗೂ ಕೇಳುತ್ತದೆ. ಊರಿಂದಲೇ ಕೆಲಸ, ಮಳೆಗಾಲದಲ್ಲಿ ಕರೆಂಟ್ ಹೋಗುತ್ತಾ ಬರುತ್ತಾ ಇರುತ್ತದೆ. ಬಿಡುವಿನಲ್ಲಿ ಒಂದು ಕನ್ನಡ ಪದಕೋಶದ ಆ್ಯಪ್ ಬರೆಯುತ್ತಿದ್ದೇನೆ. ಅದರಲ್ಲೂ ಒಂದು ಬಗ್: ‘ಕೋಳಿ’ ಅಂತ ಹುಡುಕಿದರೆ ಸಿಗುವುದಿಲ್ಲ, ಡೇಟಾದಲ್ಲಿ ನೋಡಿದರೆ ಪದ ಇದೆ. ಬಜೆಟ್ 55 ಸಾವಿರ. ರಿಪೇರಿ ಮಾಡಿಸಲಾ, ಹೊಸದು ತಗೊಳ್ಳಲಾ, ರಿಫರ್ಬಿಶ್ಡ್ (ಸರಿಪಡಿಸಿ ಮತ್ತೆ ಮಾರುವ ಹಳೆಯದು) ನೋಡಲಾ? ನಿಮ್ಮ ಅನುಭವ ಹೇಳಿ.

ಹಳೇ ಮಷೀನು:
ರಿಪೇರಿ ಮಾಡಿಸಿ, ಎರಡನೇ ಮಾತೇ ಬೇಡ. ನನ್ನದು 2016ರದ್ದು, ಇವತ್ತಿಗೂ ಅದೇ ನನಗೆ ಅನ್ನ ಹಾಕುತ್ತಿದೆ. ಲೆಕ್ಕ ಬರೆದಿಟ್ಟಿದ್ದೇನೆ, ನೋಡಿ. ಆನ್‌ಲೈನ್‌ನಲ್ಲಿ ‘ಒರಿಜಿನಲ್’ ಅಂತ ಹೇಳಿ ನನಗೆ ಡೂಪ್ಲಿಕೇಟ್ ಬ್ಯಾಟರಿ ಕಳಿಸಿದರು, 2,150. 40 ಪರ್ಸೆಂಟ್ ಇದೆ ಅಂತ ತೋರಿಸುತ್ತಿರುವಾಗಲೇ ಮಷೀನು ಫಟ್ ಅಂತ ಆಫ್. ವಾಪಸ್ ಕೇಳಿದರೆ ‘ಸೀಲ್ ಒಡೆದಿದೆ’ ಅಂದರು. ಸೀಲ್ ಒಡೆಯದೆ ಬ್ಯಾಟರಿ ಹಾಕುವುದು ಹೇಗೆ ಅಂತ ಕೇಳಿದ್ದಕ್ಕೆ ಉತ್ತರವೇ ಇಲ್ಲ. ಆಮೇಲೆ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಒಳ್ಳೆಯದು ಸಿಕ್ಕಿತು, 5,800. 512 ಜಿಬಿ ಎಸ್‌ಎಸ್‌ಡಿ 3,300. 8 ಜಿಬಿ ರ‍್ಯಾಮ್ 1,700, ಅದು ಆಗಿನ ರೇಟು, ಈಗ ಆ ಬೆಲೆಗೆ ಕೇಳಲೇಬೇಡಿ. ಕೀಬೋರ್ಡ್ 1,900. ಫ್ಯಾನ್ 1,100. ಪ್ರೊಸೆಸರ್ ಶಾಖ ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಹಾಕಿದ್ದಕ್ಕೆ 450. ಡೂಪ್ಲಿಕೇಟ್ ಬ್ಯಾಟರಿಯ ದುಡ್ಡೂ ಸೇರಿ 16,400.

ಹಿಂದಿನ ಕವರ್ ತೆಗೆದಾಗ ನೋಡಬೇಕಿತ್ತು. ಫ್ಯಾನಿನ ಗಾಳಿ ಹೊರಗೆ ಹೋಗುವ ಸಂದಿಗೆ ಧೂಳು ಕಂಬಳಿ ಹಾಗೆ ಕೂತಿತ್ತು. ಹಳೆ ಪೇಸ್ಟ್ ಒಣಗಿ ಪುಡಿಯಾಗಿ ಉದುರುತ್ತಿತ್ತು. ಶಾಖ ಹೊರಗೆ ಹೋಗದಿದ್ದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಜನ ಅದನ್ನು ‘ಮಷೀನು ಹಳೇದಾಯ್ತು’ ಅಂದುಕೊಂಡು 60 ಸಾವಿರ ಸುರಿಯುತ್ತಾರೆ. ಈಗಿನ ಸ್ಲಿಮ್ ಡಬ್ಬಗಳಲ್ಲಿ ರ‍್ಯಾಮ್ ಬದಲಿಸುವ ಹಾಗೇ ಇಲ್ಲ. ನನಗಂತೂ ಅವು ಬೇಡ.

ಮೈಸೂರು ಟೆಸ್ಟರ್:
ಮೇಲಿನವರ 16,400ರಲ್ಲಿ ಅವರ ಸಮಯದ ಬೆಲೆ ಎಲ್ಲಿದೆ? ಅಂಗಡಿ ಅಂಗಡಿ ಅಲೆದ ಶನಿವಾರಗಳನ್ನು ಯಾರು ಲೆಕ್ಕ ಹಾಕುತ್ತಾರೆ? ನಾನು ಹೊಸದನ್ನೇ ತಗೊಂಡೆ, ಅದೇ ಸರಿ ಅಂತ ಈಗಲೂ ಹೇಳುತ್ತೇನೆ. 61,990, ಜೊತೆಗೆ ವಾರಂಟಿ ವಿಸ್ತರಣೆ 5,499. ಕೋಡ್ ಬಿಲ್ಡ್ ಆಗಿ ಪ್ರೋಗ್ರಾಂ ತಯಾರಾಗುವುದನ್ನು ಕಾಯುತ್ತಾ ಕೂರುವ ಕಾಲ ಹೋಯಿತು.

ತೊಂದರೆ ಬಂದಿದ್ದು ಮುಚ್ಚಳದ ಕೀಲಿನಿಂದ, ಅಂದ್ರೆ ಹಿಂಜ್‌ನಿಂದ. ಮುಚ್ಚಳ ತೆಗೆಯುವಾಗ ಕಟಕ್ ಅಂತು, ಬಲಗಡೆ ಸ್ಕ್ರೀನಿನ ಅಂಚು ಬಾಯಿ ಬಿಟ್ಟಿತು. ಬಿದ್ದಿಲ್ಲ, ಯಾರೂ ಎಳೆದಿಲ್ಲ. ಸರ್ವಿಸ್ ಸೆಂಟರಿನವರು ‘ಭೌತಿಕ ಹಾನಿ, ವಾರಂಟಿಗೆ ಬರಲ್ಲ’ ಅಂದರು. 13,200 ಅಂತ ಎಸ್ಟಿಮೇಟ್, ಮೇಲೆ 18 ಪರ್ಸೆಂಟ್ ಜಿಎಸ್‌ಟಿ 2,376, ಒಟ್ಟು 15,576. ಬರೀ ಒಂದು ಹಿಂಜಿಗೆ! ಆ ತಗಡು ಮಾತ್ರ ಬದಲಿಸಿ ಅಂದರೆ ಆಗಲ್ಲವಂತೆ, ಡಿಸ್‌ಪ್ಲೇ ಸಮೇತ ಮೇಲ್ಭಾಗ ಪೂರ್ತಿ ಬದಲಿಸಬೇಕಂತೆ. ನಾನು ಇಮೇಲ್ ಮೇಲೆ ಇಮೇಲ್ ಹಾಕಿ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಪುಕ್ಕಟೆ ಮಾಡಿಕೊಟ್ಟರು. ಬಿಡಬೇಡಿ. ತಗೊಳ್ಳುವಾಗಲೇ ಬಿಲ್ಲು, ಬಾಕ್ಸಿನ ಫೋಟೋ ಎಲ್ಲ ಇಟ್ಟುಕೊಳ್ಳಿ.

ಹಳೇ ಮಷೀನು:
67 ಸಾವಿರ ಕೊಟ್ಟು, ಹಿಂಜ್ ಮುರಿದು, ದೂರು ಕೊಟ್ಟು ಓಡಾಡಿದವರು ನನಗೆ ಸಮಯದ ಬೆಲೆ ಹೇಳುತ್ತಿದ್ದೀರಿ.

ಮೈಸೂರು ಟೆಸ್ಟರ್:
ಸರ್, ನಾನು ಮನೆಯಲ್ಲಿ ಕೂತು ಇಮೇಲ್ ಬರೆದೆ. ಧೂಳು ಒರೆಸುತ್ತಾ ಕೂರಲಿಲ್ಲ.

ಕರಾವಳಿ ಕರ್ನಲ್:
ನೀವಿಬ್ಬರೂ ಜಗಳ ನಿಲ್ಲಿಸಿ ಮಾರಾಯ್ರೆ. ವಿಂಡೋಸ್ ತೆಗೆದು ಅದರ ಜಾಗಕ್ಕೆ ಲಿನಕ್ಸ್ ಹಾಕಿದರೆ ವಿಂಡೋಸ್ 11ರ ಪ್ರಶ್ನೆಯೇ ಬರುವುದಿಲ್ಲ. ನಾನು ಡೆಬಿಯನ್ ಅನ್ನುವ ಲಿನಕ್ಸ್ ಬಳಸುತ್ತಿದ್ದೇನೆ, ನನ್ನದೂ ಹಳೆಯ ಐ5. ಎಸ್‌ಎಸ್‌ಡಿ ಹಾಕಿದ ಮೇಲೆ ಡಾಕರ್ ಸಲೀಸಾಗಿ ಓಡುತ್ತದೆ. ಬ್ಯಾಟರಿ ಊದುವುದು ಯಾಕೆ ಅಂದ್ರೆ, ಇಡೀ ದಿನ ಚಾರ್ಜರ್ ಹಾಕಿಟ್ಟು 100ರಲ್ಲೇ ನಿಲ್ಲಿಸುತ್ತೇವೆ, ಮೇಲೆ ಬಿಸಿ ಬೇರೆ. ಸೆಲ್ ಒಳಗಿನ ಎಲೆಕ್ಟ್ರೋಲೈಟ್ ಒಡೆದು ಗ್ಯಾಸ್ ಆಗುತ್ತದೆ. ಲಿನಕ್ಸ್‌ನಲ್ಲಿ ಟಿಎಲ್‌ಪಿ ಅನ್ನುವ ಬ್ಯಾಟರಿ ನೋಡಿಕೊಳ್ಳುವ ಸಾಫ್ಟ್‌ವೇರ್ ಹಾಕಿ ಚಾರ್ಜ್ ಮಿತಿ 80 ಅಂತ ಇಟ್ಟರೆ ಅಲ್ಲಿಗೇ ನಿಲ್ಲುತ್ತದೆ. ಎಲ್ಲ ಮಾಡೆಲ್‌ಗಳಲ್ಲಿ ಆಗಲ್ಲ, ನಿಮ್ಮದರಲ್ಲಿ ಆಗುತ್ತದಾ ನೋಡಿ.

ಕಷ್ಟ ಇಲ್ಲ ಅಂತಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದಾಗ ವೈಫೈ ಮಾಯವಾಗುತ್ತಿತ್ತು, ಡ್ರೈವರ್ ಹೊಸ ಕರ್ನಲ್‌ಗೆ ಬಿಲ್ಡ್ ಆಗುತ್ತಿರಲಿಲ್ಲ. ಮೊಬೈಲ್‌ನಿಂದ ಯುಎಸ್‌ಬಿ ಟೆದರಿಂಗ್ ಮಾಡಿ, ಆ ಬಿಲ್ಡ್‌ಗೆ ಬೇಕಾದ ಹೆಡರ್ ಪ್ಯಾಕೇಜ್ ಇಳಿಸಿ, ಮತ್ತೆ ಬಿಲ್ಡ್. ಕೊನೆಗೆ ಆ ವೈಫೈ ಕಾರ್ಡನ್ನೇ ಕಿತ್ತು 1,250 ಕೊಟ್ಟು ಇಂಟೆಲ್ ಕಾರ್ಡ್ ಹಾಕಿದೆ. ಅಂದಿನಿಂದ ಒಂದು ದಿನವೂ ಕೈಕೊಟ್ಟಿಲ್ಲ. ಕನ್ನಡ ಬರೆಯಲು ಐಬಸ್ ಅನ್ನುವ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸವೂ ಇದೆ, ಇನ್‌ಸ್ಕ್ರಿಪ್ಟೂ ಇದೆ. ಕನ್ನಡದ ಕೆಲಸ ಮಾಡುವವರು ವಿಂಡೋಸ್‌ಗೆ ಅಂಟಿಕೊಂಡು, ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿದ ಹಳೆ ಆಸ್ಕಿ ಫಾಂಟಿನಲ್ಲೇ ಟೈಪ್ ಮಾಡುತ್ತಾ ಕೂತಿದ್ದರಿಂದಲೇ ನಮ್ಮ ಅರ್ಧ ಸಾಹಿತ್ಯ ಹುಡುಕಲು ಸಿಗದೆ ಕೂತಿದೆ.

ಧಾರವಾಡ ಡೆವ್:
ಏನ್ರೀ, ಇದೊಂದು ಮಾತಿಗೆ ಉತ್ತರ ಕೊಡಲೇಬೇಕು. ಆಸ್ಕಿ ಫಾಂಟ್ ಬಳಸಿದವರು ಸೋಮಾರಿಗಳಲ್ಲ. ಪ್ರೆಸ್‌ಗಳಲ್ಲಿ ಪುಟ ಜೋಡಿಸಲು ಪೇಜ್‌ಮೇಕರ್ ಇತ್ತು. ಅದರ ಕೊನೆಯ ಆವೃತ್ತಿ 7, ಬಂದಿದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಕನ್ನಡ ಬರುತ್ತಲೇ ಇರಲಿಲ್ಲ. ಪುಸ್ತಕ ಅಚ್ಚಾಗಬೇಕಿದ್ದರೆ ಅವರಿಗೆ ನುಡಿ, ಬರಹ, ಶ್ರೀಲಿಪಿ ಸಾಫ್ಟ್‌ವೇರ್‌ಗಳನ್ನು ಬಿಟ್ಟು ಬೇರೆ ದಾರಿ ಏನಿತ್ತು? ಅವರು ಟೈಪ್ ಮಾಡಿಟ್ಟಿದ್ದಕ್ಕೇ ಇವತ್ತು ನಾವು ಕನ್ವರ್ಟ್ ಮಾಡುತ್ತಿದ್ದೇವೆ.

ಅದೇ ಕೆಲಸ ನನ್ನದು. ಒಂದು ಪತ್ರಿಕೆಯ ಹಳೆ ಲೇಖನಗಳನ್ನೆಲ್ಲ ಯೂನಿಕೋಡ್‌ಗೆ ತರುವುದು. ಫಾಂಟ್ ಇಲ್ಲದೆ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆಗಳ ರಾಶಿ ಕಾಣುತ್ತದೆ. ಅಲ್ಲಿರುವುದು ಅಕ್ಷರಗಳಲ್ಲ, ಅಕ್ಷರದ ತುಂಡುಗಳು. ಎಲ್ಲಕ್ಕಿಂತ ಕಾಡುವುದು ಅರ್ಕಾವತ್ತು. ಕಾಗದದ ಮೇಲೆ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಕನ್ವರ್ಟರ್ ಅದನ್ನು ಹಿಂದಕ್ಕೆ ಸರಿಸದಿದ್ದರೆ ಕರ್ನಾಟಕ ಹೋಗಿ ಕನಾರ್ಟಕ ಆಗುತ್ತದೆ, ಕಾರ್ಯಕ್ರಮ ಹೋಗಿ ಕಾಯರ್ಕ್ರಮ ಆಗುತ್ತದೆ. ನೀವೂ ಎಷ್ಟೋ ಕಡೆ ಓದಿರುತ್ತೀರಿ. ಒಂದು ಕನ್ವರ್ಟರ್‌ಗೆ 9,500 ಕೊಟ್ಟೆ, ಅದೂ ಇದನ್ನೇ ಮಾಡಿತು. ಕೊನೆಗೆ ನಾನೇ ಪೈಥಾನ್‌ನಲ್ಲಿ ಬರೆದೆ, ಅದು ಈಗ ನೆಟ್ಟಗೆ ಓಡುತ್ತಿದೆ. ಇದನ್ನೆಲ್ಲ ಮಾಡಿದ್ದು ವಿಂಡೋಸ್‌ನಲ್ಲೇ, ಯಾಕಂದ್ರೆ ಹಳೆ ಪ್ರೂಫ್ ತೆಗೆದು ಹೋಲಿಸಲು ಪೇಜ್‌ಮೇಕರ್ ಬೇಕು.

ಕರಾವಳಿ ಕರ್ನಲ್:
2001ರಲ್ಲಿ ದಾರಿ ಇರಲಿಲ್ಲ, ಒಪ್ಪಿದೆ. ಇವತ್ತೂ ಇಲ್ಲವಾ? ಇಂದಿಗೂ ಆಮಂತ್ರಣ ಪತ್ರಿಕೆ ಆಸ್ಕಿಯಲ್ಲೇ ಬರುತ್ತದೆ. ನಾಳೆ ಅದನ್ನು ಕನ್ವರ್ಟ್ ಮಾಡುವವರು ಯಾರು?

ಧಾರವಾಡ ಡೆವ್:
ಪ್ರೆಸ್‌ನಲ್ಲಿ ಒಂದು ದಿನ ಕೂತು ನೋಡಿ, ಆಮೇಲೆ ಮಾತಾಡಿ. ಅಲ್ಲಿಯವರೆಗೆ ನಮಗೆ ಪಾಠ ಬೇಡ.

ಫ್ರಂಟೆಂಡ್ ಅಕ್ಕ:
ಕೇಳಿದವರ ಬಗ್ ಬಗ್ಗೆ ಯಾರೂ ಮಾತೇ ಆಡಲಿಲ್ಲ. ‘ಕೋ’ದಲ್ಲಿರುವ ಓ ಚಿಹ್ನೆಯನ್ನು ಒಂದೇ ಕೋಡ್‌ಪಾಯಿಂಟ್ (ಯೂನಿಕೋಡ್ ಸಂಕೇತ) ಆಗಿಯೂ ಇಡಬಹುದು. ಎ ಚಿಹ್ನೆ, ಊ ಚಿಹ್ನೆ, ದೀರ್ಘದ ಗುರುತು ಅಂತ ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ. ಪದ ಸೇರಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ನಾರ್ಮಲೈಸ್ ಮಾಡಿ, ಅಂದ್ರೆ ಎರಡನ್ನೂ ಒಂದೇ ರೂಪಕ್ಕೆ ತನ್ನಿ.

ನನಗೆ ಆಗಿದ್ದು ಇದಕ್ಕಿಂತ ಜಾಸ್ತಿ. ಒಂದು ಫಲಿತಾಂಶದ ಪುಟ ಮಾಡುತ್ತಿದ್ದೆವು. ‘ರ‍್ಯಾಂಕ್’ ಅಂತ ಇದ್ದದ್ದೆಲ್ಲ ರಾತ್ರೋರಾತ್ರಿ ‘ರ್ಯಾಂಕ್’ ಆಯಿತು. ನಮ್ಮ ಟೀಮಿನ ಒಬ್ಬರು ಭದ್ರತೆಗೆ ಅಂತ ‘ಕಣ್ಣಿಗೆ ಕಾಣದ ಅಕ್ಷರ ಎಲ್ಲ ತೆಗೆಯಿರಿ’ ಅನ್ನುವ ಫಂಕ್ಷನ್ ಹಾಕಿದ್ದರು. ಅದು ಜೀರೋ ವಿಡ್ತ್ ಜಾಯ್ನರನ್ನೂ ತೆಗೆದುಹಾಕಿತು. ಕನ್ನಡದಲ್ಲಿ ರ ಪೂರ್ತಿಯಾಗಿ ನಿಂತು ಯ ಒತ್ತಾಗಬೇಕಾದರೆ ಅದು ಬೇಕೇ ಬೇಕು. ಹೇಳಿದರೆ ‘ಕಾಣದೇ ಇರುವುದು ಯಾಕೆ ಬೇಕು’ ಅಂತ ನನಗೇ ತಿರುಗಿ ಕೇಳಿದರು. ಇಷ್ಟು ಸಾಲದು ಅಂತ ಹೆಸರಿನ ಕಾಲಮ್ಮಿಗೆ 50 ಬೈಟ್ ಮಿತಿ. ಯೂನಿಕೋಡನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ 3 ಬೈಟ್ ಬೇಕು. ‘ಕನ್ನಡ’ ಅನ್ನುವುದಕ್ಕೇ 15 ಬೈಟ್. 16 ಕೋಡ್‌ಪಾಯಿಂಟ್ ದಾಟಿದ ಹೆಸರು ಅಕ್ಷರದ ಮಧ್ಯಕ್ಕೇ ಕತ್ತರಿಸಿ ಕೊನೆಗೆ ಪ್ರಶ್ನೆ ಚಿಹ್ನೆಯ ಡಬ್ಬಿ. ಮಗುವಿನ ಹೆಸರು ಅರ್ಧಕ್ಕೆ ನಿಂತರೆ ಹೆತ್ತವರಿಗೆ ಹೇಗಾಗುತ್ತದೆ ಹೇಳಿ.

ಇದು ನಮ್ಮಂಥ ಸಣ್ಣ ಟೀಮುಗಳ ಕಥೆ ಮಾತ್ರ ಅಲ್ಲ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಒಂದೇ ಅಕ್ಷರ ಬಂದರೆ ಐಫೋನ್‌ನ ಆ್ಯಪ್‌ಗಳು ಕುಸಿಯುತ್ತಿದ್ದವು. ಐಓಎಸ್ 11.2.6 ಬಂದ ಮೇಲೆ ಸರಿಹೋಯಿತು. ನಮ್ಮ ಲಿಪಿಗಳನ್ನು ಹಾಕಿ ಪರೀಕ್ಷೆ ಮಾಡುವವರು ಬೇಕು, ಅದಕ್ಕೇ ಇಷ್ಟು ಹೇಳಿದೆ.

ಮಿನಿ ಯುಪಿಎಸ್:
ಲ್ಯಾಪ್‌ಟಾಪ್ ಯಾವುದಾದರೂ ತಗೊಳ್ಳಿ, ಮೊದಲು ಕರೆಂಟ್ ನೋಡಿ. ಮಲೆನಾಡಿನಲ್ಲಿ ಕರೆಂಟ್ ಒಂದು ಸೆಕೆಂಡ್ ಮಿನುಗಿದರೆ ಸಾಕು, ರೂಟರ್ ರೀಸ್ಟಾರ್ಟ್, ಮೀಟಿಂಗ್ ಕಟ್, ವಿಪಿಎನ್ ಮತ್ತೆ ಲಾಗಿನ್. ನಾನು 150 ಎಎಚ್ ಟ್ಯೂಬುಲರ್ ಬ್ಯಾಟರಿ, ಇನ್ವರ್ಟರ್ ಸೇರಿ 23,800 ಹಾಕಿದೆ. ಆದರೂ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುತ್ತಿತ್ತು. ಹಾಕಿಕೊಟ್ಟವರು ಸ್ವಿಚ್ಚನ್ನು ನಾರ್ಮಲ್ ಮೋಡ್‌ನಲ್ಲೇ ಬಿಟ್ಟು ಹೋಗಿದ್ದರು. ಬ್ಯಾಟರಿಗೆ ಬೇಗ ಬದಲಾಗುವ ಯುಪಿಎಸ್ ಮೋಡ್‌ಗೆ ತಿರುಗಿಸಿದ ಮೇಲೆ ನಿಂತಿತು. ರೂಟರ್‌ಗೆ 12 ವೋಲ್ಟಿನ ಮಿನಿ ಯುಪಿಎಸ್ ಬೇರೆ, 1,650.

ಹಳೇ ಮಷೀನು:
ಅವರು ಕೇಳಿದ್ದು ಲ್ಯಾಪ್‌ಟಾಪ್ ಬಗ್ಗೆ. ಇನ್ವರ್ಟರ್ ಯಾಕೆ ತಂದಿರಿ? ಒಳ್ಳೆ ಬ್ಯಾಟರಿ ಹಾಕಿದರೆ ಅದೇ ಯುಪಿಎಸ್.

ಮಿನಿ ಯುಪಿಎಸ್:
ನಿಮ್ಮ ಬ್ಯಾಟರಿ ರೂಟರ್‌ಗೂ ಕರೆಂಟ್ ಕೊಡುತ್ತದಾ ಸರ್?

ಸುಟ್ಟ ಮೇಜು:
ಇಷ್ಟು ಜನ ಇಷ್ಟುದ್ದ ಬರೆದಿದ್ದೀರಿ, ಆ ಬ್ಯಾಟರಿ ಇನ್ನೂ ಒಳಗೇ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ. ಸಿಟ್ಟು ಬರುತ್ತದೆ. ಶಿರಸಿಯವರೇ, ಚಾರ್ಜರ್ ಕಿತ್ತುಬಿಡಿ, ಆಫ್ ಮಾಡಿ. ಟಚ್‌ಪ್ಯಾಡ್ ಮೇಲೆ ಒತ್ತಬೇಡಿ, ಅದರ ಕೆಳಗೇ ಸೆಲ್ ಇರುವುದು.

ನಮ್ಮ ಆಫೀಸಿನಲ್ಲಿ ಒಬ್ಬ ರಿಪೇರಿಯವನು ಊದಿದ ಬ್ಯಾಟರಿಯನ್ನು ಸ್ಕ್ರೂಡ್ರೈವರಿನಲ್ಲಿ ಮೀಟಿ ಎಬ್ಬಿಸಿದ. ಮೊದಲು ಸಿಹಿ ಸಿಹಿ ವಾಸನೆ. ಆಮೇಲೆ ಬುಸ್ ಅಂತ ಬಿಳಿ ಹೊಗೆ, ಅದರ ಹಿಂದೆಯೇ ಬೆಂಕಿ. ಮೇಜಿನ ಲ್ಯಾಮಿನೇಟ್ ಗುಳ್ಳೆ ಎದ್ದು ಕರಕಾಯಿತು. ಮರಳಿನ ಬಕೆಟ್ ಹತ್ತಿರ ಇದ್ದದ್ದರಿಂದ ಉಳಿದೆವು. ಮೇಜಿಗೆ 7,200, ಪಕ್ಕದ ಮಾನಿಟರ್‌ಗೆ 11,000 ಹೋಯಿತು, ಅವನ ಕೈಗೆ ಆದ ಸುಟ್ಟಗಾಯ ಬೇರೆ. ಗೊತ್ತಿರುವವರ ಕೈಯಲ್ಲಿ ತೆಗೆಸಿ. ತೆಗೆದದ್ದನ್ನು ಕಸದ ಗಾಡಿಗೆ ಹಾಕಬೇಡಿ, ಚುಚ್ಚಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ಸಂಗ್ರಹಿಸಿ ರೀಸೈಕಲ್ ಮಾಡಿಸುವ ಹೊಣೆ ತಯಾರಕರದ್ದು. ಸರ್ವಿಸ್ ಸೆಂಟರಿಗೆ ಅಥವಾ ಅನುಮತಿ ಇರುವ ಇ-ತ್ಯಾಜ್ಯದವರಿಗೆ ಕೊಡಿ.

ಶಿರಸಿ ಕೋಡರ್:
ಆಫ್ ಮಾಡಿದೆ, ಮೊಬೈಲ್‌ನಿಂದ ಬರೆಯುತ್ತಿದ್ದೇನೆ. ನಾಳೆ ತೆಗೆಸುತ್ತೇನೆ. ಅಕ್ಕಾ, ಎನ್‌ಎಫ್‌ಸಿ ಮಾಡಿಯೇ ಇದ್ದೆ, ಆದರೂ ಒಂದಿಷ್ಟು ಪದ ಸಿಗುತ್ತಿಲ್ಲ. ರಿಫರ್ಬಿಶ್ಡ್ ತಗೊಂಡವರು ಯಾರಾದರೂ ಇದ್ದೀರಾ?

ಹೊಸಪೇಟೆ ಬ್ಯಾಕೆಂಡ್:
ನಾನು ತಗೊಂಡೆ. 8ನೇ ಜನರೇಶನ್, 16 ಜಿಬಿ, 24,500. ಮಷೀನು ಗಟ್ಟಿ. ಆದರೆ ಫಾರ್ಮ್ಯಾಟ್ ಮಾಡಿ ಇಂಟರ್ನೆಟ್ ಕೊಟ್ಟ ತಕ್ಷಣ ಯಾವುದೋ ಕಂಪನಿಯ ಲಾಗಿನ್ ಪುಟ ಬಂತು. ಹಳೆ ಮಾಲೀಕರಾದ ಆ ಕಂಪನಿಯವರು ತಮ್ಮ ಮಷೀನುಗಳ ಪಟ್ಟಿಯಿಂದ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅದೇ ಪುಟ. ಅಂಗಡಿಯವನು ‘ಇಂಟರ್ನೆಟ್ ಇಲ್ಲದೆ ಇನ್‌ಸ್ಟಾಲ್ ಮಾಡಿ’ ಅಂದ. ನಾನು ಅಲ್ಲೇ ಕೂತು ಮಷೀನು ಬದಲಿಸಿಕೊಂಡೇ ಎದ್ದೆ. ಅಂಗಡಿಯಲ್ಲೇ ಹೊಸದಾಗಿ ಇನ್‌ಸ್ಟಾಲ್ ಮಾಡಿಸಿ, ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ನೋಡಿ. ಬಯಾಸ್‌ಗೆ (ಮಷೀನು ಶುರುವಾಗುವಾಗಿನ ಸೆಟ್ಟಿಂಗ್) ಪಾಸ್‌ವರ್ಡ್ ಇದೆಯಾ, ಬ್ಯಾಟರಿ ಎಷ್ಟು ಚಾರ್ಜ್ ಸೈಕಲ್ ಆಗಿದೆ, ಅದನ್ನೂ ನೋಡಿ.

ಮೈಸೂರು ಟೆಸ್ಟರ್:
ನೋಡಿ, ಇದಕ್ಕೇ ನಾನು ಹೊಸದು ಅಂದಿದ್ದು.

ಹಳೇ ಮಷೀನು:
ನೋಡಿ, ಇದಕ್ಕೇ ನಾನು ಇರುವುದನ್ನೇ ರಿಪೇರಿ ಮಾಡಿಸಿ ಅಂದಿದ್ದು.

ಫ್ರಂಟೆಂಡ್ ಅಕ್ಕ:
ಶಿರಸಿಯವರೇ, ಸಿಗದ ಪದಗಳು ಹಳೆ ಆಸ್ಕಿ ಫೈಲಿನಿಂದ ಬಂದವಾ? ಹಾಗಿದ್ದರೆ ಧಾರವಾಡದವರು ಹೇಳಿದ ಅರ್ಕಾವತ್ತಿನ ಕೇಸೇ ಇರಬಹುದು, ಇಲ್ಲವೇ ಎಲ್ಲೋ ಜಾಯ್ನರ್ ಉಳಿದಿದೆ. ಸಿಗದ ಪದಗಳಲ್ಲಿ ಹತ್ತು ಸಾಲು ಇಲ್ಲಿ ಹಾಕಿ. ಸ್ಕ್ರೀನ್‌ಶಾಟ್ ಬೇಡ, ಪಠ್ಯವನ್ನೇ ಕಾಪಿ ಮಾಡಿ ಹಾಕಿ.